ಇಟಲಿಯ ಶೆಡ್ಡಿನಲ್ಲಿ ‘ಚಾಲು’ ಎಂದದ್ದು

ಪೀಸಾ

ಇಟಲಿಗೆ ಹೋಗಿ ಬಂದೆ ಎಂದರೆ ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಎಲ್ಲರೂ ಮೊದಲು ಕೇಳುವುದು ಪೀಸಾದ ವಾಲಿದ ಗೋಪುರದ ವಿಚಾರ. ನೋಡಿದ್ದೇನೆ. ವಿಮಾನ ನಿಲ್ದಾಣದಿಂದ ಹೊರಟ ವ್ಯಾನಿನ ಕಿಟಕಿಯಲ್ಲಿ, ಹೆಂಚಿನ ಮನೆಗಳ ಮೇಲೆ ಅದರ ಅರ್ಧ ಮೈ ಕಂಡಿತು. ನಾವು ಹೋಗುತ್ತಿದ್ದ ದಿಕ್ಕಿನಿಂದ ಅದು ನಮ್ಮ ಕೋಟೆಯ ಬುರುಜಿನಷ್ಟೇ ನೆಟ್ಟಗೆ ನಿಂತಿತ್ತು. ನನ್ನ ಜೊತೆಗಿದ್ದ ಹನುಮಂತರಾಯ ಕಿಟಕಿಯ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದ. "ರಿಪೇರಿ ಮಾಡ್ಬಿಟ್ಟವ್ರೆ ಕಣಕ್ಕ," ಎಂದ. ಗೋಪುರದ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೇ.

ನಾವು ಗೋಪುರ ನೋಡಲು ಹೋದವರಲ್ಲ, ಒಂದು ಯಂತ್ರ ಕೇಳಲು ಹೋದವರು.

ರಾಯದುರ್ಗದಿಂದ ಬಳ್ಳಾರಿಗೆ ಹೋಗುವ ರಸ್ತೆಯಲ್ಲಿ ರುದ್ರಗೌಡರ ವರ್ಕ್‌ಶಾಪು ಇದೆ. ಓಬಳಾಪುರದ ಕಡೆ ಗಣಿಗಳು ನಡೆಯುತ್ತಿದ್ದಾಗ ಅದಿರು ಸಾಗಿಸುವ ಬೆಲ್ಟಿನ ಡ್ರಮ್ಮುಗಳಿಗೆ ಅಲ್ಲಿ ರಬ್ಬರ್ ಹೊದಿಸುತ್ತಿದ್ದರು. ಗಣಿ ನಿಂತ ಮೇಲೆ ಅದೇ ಉದ್ದನೆಯ ಲೇತು, ಅದೇ ರಬ್ಬರು, ಕಾಗದದ ಕಾರ್ಖಾನೆಗಳ ರೋಲುಗಳ ಕೆಲಸಕ್ಕೆ ತಿರುಗಿಕೊಂಡವು. ನಾನು ಅದಕ್ಕೆ ಮೊದಲು ಒಂದು ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ಮಾಡುತ್ತಿದ್ದೆ. ಪ್ಯಾಂಟಿನೊಳಗೆ ಕೈ ಹಾಕಿ, ಹೊಲಿಗೆ ಎಲ್ಲಿ ತಪ್ಪಿದೆ ಎಂದು ಬೆರಳಿನಲ್ಲೇ ಹುಡುಕುವ ಕೆಲಸ. ಬಟ್ಟೆ ನೋಡುವವಳು ರಬ್ಬರನ್ನೂ ನೋಡಬಲ್ಲಳು ಎಂದು ಗೌಡರು ನನ್ನನ್ನು ಕರೆಸಿಕೊಂಡರು.

ಕಾಗದದ ಕಾರ್ಖಾನೆ ನೋಡದವರಿಗಾಗಿ ಒಂದು ಮಾತು. ಕಾಗದ ಮೊದಲಿಗೆ ನೀರಿನಲ್ಲಿ ಕದಡಿದ ಹಿಟ್ಟಿನ ಹಾಗೆ ಇರುತ್ತದೆ. ಅದನ್ನು ದಪ್ಪನೆಯ ಕಂಬಳಿಯಂಥ ಬಟ್ಟೆಯ ಮೇಲೆ ಹೊರಿಸಿ ಎರಡು ದೊಡ್ಡ ರೋಲುಗಳ ನಡುವೆ ಹಿಂಡುತ್ತಾರೆ. ಹಿಂಡಿದ ನೀರಿಗೆ ಹೋಗಲು ಜಾಗ ಬೇಕು. ರೋಲಿನ ಮೈ ನುಣ್ಣಗಿದ್ದರೆ ನೀರು ಅಲ್ಲೇ ಸಿಕ್ಕಿಬಿದ್ದು ಹಸಿ ಕಾಗದವನ್ನು ಒಡೆದುಹಾಕುತ್ತದೆ. ಅದಕ್ಕೇ ರೋಲಿನ ಮೈತುಂಬ ಗೀರು ಕೊರೆಯುತ್ತಾರೆ, ಬಸ್ಸಿನ ಟೈರಿಗೆ ಇರುವ ಹಾಗೆ, ಆದರೆ ಉಗುರಿನ ತುದಿ ಇಳಿಯುವಷ್ಟು ಸಪೂರವಾಗಿ. ಒಂದೇ ಗೀರು ರೋಲಿನ ಒಂದು ತುದಿಯಲ್ಲಿ ಶುರುವಾಗಿ, ಮೈಯನ್ನು ಸುತ್ತುತ್ತ ಸುತ್ತುತ್ತ ಇನ್ನೊಂದು ತುದಿಗೆ ಮುಟ್ಟುತ್ತದೆ. ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿ ಮತ್ತೆ ಹಿಡಿದರೆ ಅಲ್ಲೊಂದು ಗಂಟಿನಂಥ ಗುರುತು ಉಳಿಯುತ್ತದೆ. ಕಾರ್ಖಾನೆಯಲ್ಲಿ ರೋಲು ತಿರುಗಿದಷ್ಟು ಸಲ ಆ ಗುರುತು ಕಾಗದದ ಮೇಲೆ ಮೂಡುತ್ತದೆ.

ನಮ್ಮ ಹಳೆಯ ಲೇತು ನಡುಗುತ್ತಿತ್ತು, ಗೀರುಗಳು ಅಂಕುಡೊಂಕಾಗುತ್ತಿದ್ದವು. ರೋಲುಗಳು ವಾಪಸು ಬರತೊಡಗಿದವು. ಆಗ ಗೌಡರಿಗೆ ಇಟಲಿಯ ಒಬ್ಬ ಮುದುಕರ ಸುದ್ದಿ ಸಿಕ್ಕಿತು. ಗೀರು ಕೊರೆಯುವ ಯಂತ್ರವೊಂದನ್ನು ತಾವೇ ಕೂಡಿಸಿ ಕಟ್ಟಿದವರು, ಈಗ ವಯಸ್ಸಾಗಿ ಅದನ್ನು ಕೊಡಬೇಕೆಂದಿದ್ದಾರೆ, ಆದರೆ ನಡೆಸುವವನ ಕೈ ನೋಡದೆ ಕೊಡುವುದಿಲ್ಲ. ಬಂದವನು ಅವರ ಕಣ್ಣೆದುರು ಒಂದು ಇಡೀ ರೋಲನ್ನು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನಿಲ್ಲಿಸದೆ ಕೊರೆದು ತೋರಿಸಬೇಕು. ಇದು ಕರಾರು.

ಕೊರೆಯಬೇಕಾದವನು ಹನುಮಂತರಾಯ. ಮಡಕಶಿರದ ಕಡೆಯವನು. ಅವನ ಸಂಸಾರ ಆಗ ಮೂರು ಊರಿನಲ್ಲಿತ್ತು. ಅವನು ರಾಯದುರ್ಗದ ನಮ್ಮ ವರ್ಕ್‌ಶಾಪಿನಲ್ಲಿ, ಹೆಂಡತಿ ಲಕ್ಷ್ಮೀದೇವಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಮಗಳು ಅಮರಾಪುರದಲ್ಲಿ ಅಜ್ಜಿಯ ಹತ್ತಿರ. ಯಂತ್ರ ಬಂದರೆ ರಾಯದುರ್ಗದಲ್ಲಿ ಅವನ ಕೆಲಸ ಗಟ್ಟಿ, ಲಕ್ಷ್ಮೀದೇವಿ ಬೆಂಗಳೂರು ಬಿಟ್ಟು ಬರಬಹುದು, ಮಗುವನ್ನು ಕರೆಸಿಕೊಳ್ಳಬಹುದು. ಬರದಿದ್ದರೆ ಗೌಡರು ರೋಲಿನ ಕೆಲಸವನ್ನೇ ಬಿಡುವವರಿದ್ದರು, ಅವನೂ ಬೆಂಗಳೂರಿನ ಬಸ್ಸು ಹತ್ತುವವನಿದ್ದ. ವಿಮಾನದಲ್ಲಿ ಇದನ್ನು ಅವನು ನನಗೆ ಹೇಳಲಿಲ್ಲ. ನನಗೆ ಮೊದಲೇ ಗೊತ್ತಿತ್ತು. ಅವನು ಇಡೀ ದಾರಿ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ, ಯಾರದೋ ಸಾಮಾನನ್ನು ಕಾಯುವವನ ಹಾಗೆ.

ಬ್ರೂನೊ ಅಜ್ಜನ ಶೆಡ್ಡು

ಲುಕ್ಕಾ ಎಂಬ ಊರು ದಾಟಿದ ಮೇಲೆ ಒಂದು ಹೊಳೆಯ ಜೊತೆಗೆ ರಸ್ತೆ ಮೇಲೇರುತ್ತದೆ. ಹೊಳೆಯ ಎರಡೂ ಕಡೆ ಕಾಗದದ ಕಾರ್ಖಾನೆಗಳು, ನಡುನಡುವೆ ಆಲಿವ್ ತೋಪುಗಳು. ದೂರದಲ್ಲಿ ಬೆಟ್ಟಗಳ ನೆತ್ತಿ ಬೆಳ್ಳಗಿತ್ತು. ನಾನು ಹಿಮ ಎಂದುಕೊಂಡೆ. ಹಿಮ ಅಲ್ಲವಂತೆ, ಅಮೃತಶಿಲೆ ಅಗೆದ ಗಾಯ. ನಮ್ಮಲ್ಲಿ ಅಗೆದ ಗುಡ್ಡ ಕೆಂಪಗೆ ಕಾಣುತ್ತದೆ, ಎಲೆಯ ಮೇಲೂ ಎಮ್ಮೆಯ ಮೈಮೇಲೂ ಕೆಂಪು ಕೂರುತ್ತದೆ. ಇಲ್ಲಿನ ಲಾರಿಗಳ ಚಕ್ರದಿಂದ ರಸ್ತೆಗೆ ಬಿಳಿ ಬಳಿದಿತ್ತು, ಯಾರೋ ರಂಗೋಲಿ ಪುಡಿ ಚೆಲ್ಲಿಕೊಂಡು ಹೋದ ಹಾಗೆ.

ಬ್ರೂನೊ ಅಜ್ಜ ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ನಮ್ಮನ್ನು ನೋಡಿ ಮೊದಲು ಮುಖ ನೋಡಲಿಲ್ಲ, ಹನುಮಂತರಾಯನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಜ್ಯೋತಿಷ್ಯ ಹೇಳುತ್ತಾರೇನೋ ಎಂದು ಅವನು ನನ್ನ ಕಡೆ ನೋಡಿದ. ಅವರ ಮಗಳು ಕಾರ್ಲಾಗೆ ಇಂಗ್ಲಿಷು ಬರುತ್ತಿತ್ತು. ನನಗೆ ಎಕ್ಸ್‌ಪೋರ್ಟ್ ಯೂನಿಟ್ಟಿನಲ್ಲಿ ಕಲಿತ ಇಂಗ್ಲಿಷು ಅಷ್ಟಿಷ್ಟು ಇತ್ತು. ಹೀಗೆ ಒಂದು ಮಾತು ಹನುಮಂತರಾಯನಿಂದ ಹೊರಟರೆ ನನ್ನ ಬಾಯಿ, ಕಾರ್ಲಾಳ ಬಾಯಿ ದಾಟಿ ಅಜ್ಜನಿಗೆ ಮುಟ್ಟುತ್ತಿತ್ತು. ಅಷ್ಟರಲ್ಲಿ ಅಜ್ಜ ಅರ್ಧ ಕೆಲಸ ಮುಗಿಸಿಬಿಟ್ಟಿರುತ್ತಿದ್ದರು.

ಅಲ್ಲಿಯವರು ಕಾಫಿಯನ್ನು ನಿಂತುಕೊಂಡು ಕುಡಿಯುತ್ತಾರೆ. ಲೋಟ ನಮ್ಮ ಕುಂಕುಮದ ಭರಣಿಯಷ್ಟಿರುತ್ತದೆ. ಒಂದು ಗುಟುಕು, ಮುಗಿಯಿತು. ಹನುಮಂತರಾಯ ಅದು ಡಿಕಾಕ್ಷನ್ನು, ಹಾಲು ಆಮೇಲೆ ಬರುತ್ತದೆ ಎಂದು ಕಾದು ನಿಂತ. ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮರೆತಿರಬೇಕು ಎಂದು ನಾನು ಮೊದಲ ಹೊತ್ತು ಸುಮ್ಮನೆ ತಿಂದೆ. ಎರಡನೆಯ ಹೊತ್ತೂ ಉಪ್ಪಿರಲಿಲ್ಲ. ಚೀಲದಿಂದ ಚಟ್ನಿಪುಡಿ ತೆಗೆದೆ. ಇದೇನು ಎಂದು ಕಾರ್ಲಾ ಕೇಳಿದಳು. ನಾನು ಶೇಂಗಾ ಚಟ್ನಿ ಎಂದೆ, ಹನುಮಂತರಾಯ ಕಡ್ಲೆಕಾಯಿ ಪುಡಿ ಎಂದ. ಎರಡು ಬಗೆಯ ಪುಡಿಯೇ ಎಂದು ಅವಳು ಕೇಳಿದಳು. ಒಂದೇ ಪುಡಿ, ಇಬ್ಬರ ಕನ್ನಡ ಬೇರೆ ಎಂದು ವಿವರಿಸುವುದರಲ್ಲಿ ಬ್ರೆಡ್ಡು ಮುಗಿಯಿತು. ಅಜ್ಜ ಪುಡಿಯ ಮೇಲೆ ಆಲಿವ್ ಎಣ್ಣೆ ಸುರಿದು ಕಲಸಿ ತಿಂದರು, ನಾವು ಹೇಳಿಕೊಡದೆಯೇ.

ಊಟವಾದ ಮೇಲೆ ಯಂತ್ರ ತೋರಿಸಿದರು. ಹಸಿರು ಬಣ್ಣ ಬಳಿದ ಉದ್ದನೆಯ ಮಂಚದಂಥದ್ದು. ಅದರ ಮೇಲೆ ರಬ್ಬರ್ ಹೊದ್ದ ರೋಲು ಮಲಗಿ ನಿಧಾನ ತಿರುಗುತ್ತದೆ. ಪಕ್ಕದಲ್ಲಿ ಅಲಗು ಹಿಡಿದ ಗಾಡಿ ಅಷ್ಟೇ ನಿಧಾನ ಜರುಗುತ್ತದೆ. ಕೊರೆದ ರಬ್ಬರು ಒಂದೇ ಎಳೆಯಾಗಿ, ಶಾವಿಗೆಯ ಹಾಗೆ, ಅಲಗಿನ ಕೆಳಗಿನಿಂದ ಇಳಿದು ಬರುತ್ತದೆ. ನಮ್ಮ ಲೇತಿನಲ್ಲಿ ಅದು ಚೂರುಚೂರಾಗಿ ಬೀಳುತ್ತಿತ್ತು. ಈ ಯಂತ್ರದಲ್ಲಿ ತುಂಡಾಗದೆ ಬರುವ ಆ ಎಳೆಯನ್ನು ನೋಡಿ ಹನುಮಂತರಾಯ ಮುಟ್ಟಿ, ಎಳೆದು, ಕಿವಿಯ ಹತ್ತಿರ ಹಿಡಿದು ಬಿಟ್ಟ. ನಕ್ಕ. ಆ ಪ್ರವಾಸದಲ್ಲಿ ಅವನು ಮೊದಲ ಸಲ ನಕ್ಕದ್ದು ಆಗ.

ನಮ್ಮ ಊರಲ್ಲಿ ಸ್ವಿಚ್ಚು ಅವನ ಕಾಲ ಬಳಿಯೇ ಇದೆ. ಇಲ್ಲಿ ಅದು ಯಂತ್ರದ ಇನ್ನೊಂದು ತುದಿಯ ಪೆಟ್ಟಿಗೆಯಲ್ಲಿತ್ತು, ಅಜ್ಜನ ಕೈಯಲ್ಲಿ. ಯಾವಾಗ ಒತ್ತಬೇಕು ಎಂದು ಹೇಳಲು ಒಂದು ಮಾತು ಬೇಕಾಯಿತು. "ಚಾಲೂ ಮಾಡ್ರಿ" ಎಂದು ನಾನು ಕೂಗಿದೆ, ನಮ್ಮ ರಾಯದುರ್ಗದಲ್ಲಿ ಪಂಪ್‌ಸೆಟ್ಟಿಗೂ ಪ್ಯಾಂಟ್ ಹೊಲಿಯುವ ಮಿಷನ್ನಿಗೂ ಹೇಳುವ ಹಾಗೆ. ಅಜ್ಜನಿಗೆ ಆ ಮಾತು ಹಿಡಿಸಿಬಿಟ್ಟಿತು. ಸಂಜೆಯವರೆಗೆ ಅವರು ಕಾಫಿಯ ಒಲೆ ಹಚ್ಚುವಾಗ ಚಾಲು ಎಂದರು, ವ್ಯಾನಿನ ಕೀಲಿ ತಿರುಗಿಸುವಾಗ ಚಾಲು ಎಂದರು. ನನಗೆ ಹೆಮ್ಮೆಯಾಯಿತು. ಒಂದು ಕನ್ನಡದ ಮಾತನ್ನು ಇಷ್ಟು ದೂರ ತಂದು ನೆಟ್ಟೆ ಎಂದುಕೊಂಡೆ.

ಶೆಡ್ಡಿನಲ್ಲಿ ಮಾರನೆಯ ಬೆಳಿಗ್ಗೆ

ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಈಗಲೂ ಬೇರೆ ರೀತಿಯಲ್ಲಿ ಹೇಳಲು ನನಗೆ ಆಗುವುದಿಲ್ಲ.

ಅಭ್ಯಾಸದ ರೋಲೊಂದನ್ನು ಏರಿಸಿದ್ದರು. ಅದು ನಿಂತಿತ್ತು. ಹನುಮಂತರಾಯ ಅಲಗು ಬದಲಿಸಿ, ಅದನ್ನು ರೋಲಿನ ಮೈಗೆ ಎಷ್ಟು ಹತ್ತಿರ ತರಬೇಕು ಎಂದು ನೋಡುತ್ತಿದ್ದ. ಅಲಗು ಹರಿತ ಎಂದು ಗವಸು ಹಾಕಿಕೊಂಡಿದ್ದ. ಜೀನ್ಸ್ ತುಂಡುಗಳಿಂದ ಹೊಲಿದ, ನಮ್ಮ ಊರಿನ ಗವಸು. ಅವನ್ನು ಎಲ್ಲರಿಗೂ ಒಂದೇ ಅಳತೆಗೆ ಹೊಲಿಯುತ್ತಾರೆ, ಯಾರ ಕೈಗೂ ಸರಿಹೊಂದುವುದಿಲ್ಲ. ಅವನ ಬಲಗೈ ಅಲಗನ್ನು ಮುಂದೆ ತರುವ ಚಕ್ರದ ಮೇಲಿತ್ತು. ಎಡಗೈ ಅಲಗಿಗೂ ರೋಲಿಗೂ ನಡುವಿನ ಸಂದಿನಲ್ಲಿತ್ತು. ಅಜ್ಜ ಆ ತುದಿಯಲ್ಲಿ ನಿಂತಿದ್ದರು, ನಡುವೆ ನಾನಿದ್ದೆ. ಅಜ್ಜ ನಿಂತ ಜಾಗದಿಂದ ಹನುಮಂತರಾಯನ ಬೆನ್ನು ಮಾತ್ರ ಕಾಣುತ್ತಿತ್ತು.

ಅಲಗು ಬೇಕಾದಷ್ಟು ಹತ್ತಿರ ಬಂತು. ಹನುಮಂತರಾಯ, "ಚಾಲು," ಎಂದ. ಜೋರಾಗಿ ಅಲ್ಲ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

"ಚಾಲು," ಎಂದು ಅಜ್ಜ ಖುಷಿಯಾಗಿ ಮರುನುಡಿದರು. ಸ್ವಿಚ್ಚು ಒತ್ತಿದರು.

ರೋಲು ತಿರುಗಿತು. ಗವಸಿನ ಅಂಚು ಸಂದಿನೊಳಗೆ ಹೋಯಿತು. ಹಿಂದೆಯೇ ಗವಸು ಹೋಯಿತು. ಹನುಮಂತರಾಯನ ಭುಜ ಒಮ್ಮೆ ಮುಂದಕ್ಕೆ ಜಗ್ಗಿತು, ಅವನ ಕೆನ್ನೆ ರೋಲಿನ ಹತ್ತಿರ ಬಂತು. ನಾನು ಕೂಗಬೇಕಿತ್ತು, ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಆಮೇಲೆ ಅವನ ಬರಿಯ ಕೈ ಹೊರಗೆ ಬಂದದ್ದು ಕಂಡಿತು. ಗವಸು ಅವನಿಲ್ಲದೆ ಒಂದು ಸುತ್ತು ಹೋಗಿ ಮೇಲೆ ಬಂತು. ಅಲಗು ಅದನ್ನು ಮಣಿಕಟ್ಟಿನಿಂದ ಬೆರಳಿನವರೆಗೆ ಸೀಳಿತ್ತು, ನಮ್ಮ ಕಟಿಂಗ್ ಟೇಬಲ್ಲಿನಲ್ಲಿ ಬಟ್ಟೆ ಸೀಳಿದಷ್ಟು ನೇರವಾಗಿ. ಅಜ್ಜ ನನ್ನ ಮುಖ ನೋಡಿ ನಿಲ್ಲಿಸಿದರು.

ಬೆರಳ ಗೆಣ್ಣಿನ ಮೇಲೆ ಸ್ವಲ್ಪ ಚರ್ಮ ಹೋಗಿತ್ತು, ಅಷ್ಟೇ. ಕಾರ್ಲಾ ಔಷಧಿ ಹಚ್ಚಿ ಬಟ್ಟೆ ಸುತ್ತಿದಳು. ಹನುಮಂತರಾಯ ಆ ಕೈಯನ್ನು ಮುಂದೆ ಹಿಡಿದುಕೊಂಡು ಒಂದೊಂದೇ ಬೆರಳು ಮಡಚಿ ಬಿಡಿಸಿ ನೋಡಿದ. ನಾನು ಕಾಫಿಗೆ ಹಾಕಿದ ಸಕ್ಕರೆ ಮೇಜಿನ ಮೇಲೆ ಬಿತ್ತು.

"ಕೈ ಒಳಗಿಟ್ಕೊಂಡು ಯಾಕ ಚಾಲು ಅಂದಿ?" ಎಂದು ಕೇಳಿದೆ.

"ಚಾಲು ಅಂದ್ರೆ ಸಾಕು ಅಂತ ಕಣಕ್ಕ. ಅಲಗು ಸಾಕು ಅಂತ."

ಆಗ ನನಗೆ ತಿಳಿಯಿತು. ಅವನು ಅಂದದ್ದು ತೆಲುಗಿನ ಚಾಲು. ನಮ್ಮ ಕಡೆ ಎಲ್ಲರ ಬಾಯಲ್ಲೂ ಎರಡೂ ಚಾಲು ಇವೆ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ದಿನವೂ ಎರಡನ್ನೂ ಆಡುತ್ತೇವೆ. ಸಾಂಬಾರು ಬಡಿಸುವವನಿಗೆ ಚಾಲು ಎಂದರೆ ನಿಲ್ಲಿಸು, ಮೋಟರಿನ ಮುಂದೆ ನಿಂತವನಿಗೆ ಚಾಲು ಎಂದರೆ ಶುರುಮಾಡು. ಇದುವರೆಗೆ ಯಾರೂ ತಪ್ಪು ತಿಳಿದದ್ದಿಲ್ಲ. ಒಂದೇ ಮಾತು ಎಂದು ನಮಗೆ ಹೊಳೆದದ್ದೂ ಇಲ್ಲ.

ಇದನ್ನೆಲ್ಲ ಕಾರ್ಲಾಗೆ ಹೇಳಿದೆ, ಅವಳು ಅಜ್ಜನಿಗೆ ಹೇಳಿದಳು. ಅಜ್ಜ ಟೋಪಿ ತೆಗೆದು ಮರದ ದಿಮ್ಮಿಯ ಮೇಲೆ ಕೂತಿದ್ದರು, ಮುಖ ಬಿಳುಚಿಕೊಂಡಿತ್ತು. ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು. ಶುರುವಿಗೂ ಸಾಕಿಗೂ ಒಂದೇ ಮಾತು ಇಟ್ಟುಕೊಂಡ ಜನ ಭೂಮಿಯ ಮೇಲೆ ಇರಲಾರರು, ಈಕೆ ಜೊತೆಗಾರನನ್ನು ಉಳಿಸಲು ಕಟ್ಟಿದ ಮಾತು ಇದು ಎಂದು ಅವರಿಗೆ ಅನ್ನಿಸಿತ್ತು. ಕಾರ್ಲಾ ನಾಚಿಕೊಳ್ಳುತ್ತ ಅದನ್ನು ನನಗೆ ದಾಟಿಸಿದಳು. ಕೊನೆಗೆ ಅಜ್ಜ ಹೇಳಿದ್ದನ್ನು ಮಾತ್ರ ಅವಳು ನೆಲ ನೋಡಿಕೊಂಡು ಹೇಳಿದಳು: "ಕೈಯನ್ನು ಒಳಗಿಟ್ಟು ಶುರುಮಾಡು ಅನ್ನುವವನಿಗೆ ನಾನು ಯಂತ್ರ ಕೊಟ್ಟರೆ, ಅಲ್ಲಿ ಹೋಗುವ ಕೈ ನನ್ನ ಲೆಕ್ಕಕ್ಕೆ ಬರುತ್ತದೆ."

ಹನುಮಂತರಾಯನಿಗೆ ಇದನ್ನು ನಾನು ಕನ್ನಡದಲ್ಲಿ ಹೇಳಬೇಕಾಗಿ ಬಂತು. ಅವನು ನೆಲದ ಮೇಲೆ ಬಿದ್ದಿದ್ದ ಗವಸನ್ನು ಎತ್ತಿ, ಸೀಳಿನ ಎರಡು ಅಂಚನ್ನೂ ಕೂಡಿಸಿ ಹಿಡಿದು ನೋಡಿ, ಕಸದ ಡಬ್ಬಿಗೆ ಹಾಕಿದ.

ರೋಸಮ್ಮನ ಮೇಜು

ಮಾರನೆಯ ದಿನ ಭಾನುವಾರ. ಅಜ್ಜನ ಹೆಂಡತಿಯ ಹೆಸರು ರೋಸಾ. ಬಂದ ದಿನವೇ ನಮ್ಮ ಬಾಯಲ್ಲಿ ರೋಸಮ್ಮ ಆಗಿದ್ದರು. ಭಾನುವಾರದ ಊಟಕ್ಕೆ ಮೊದಲೇ ಕರೆದಿದ್ದರು. ಯಂತ್ರ ಕೊಡಲಿ ಬಿಡಲಿ, ಕರೆದ ಊಟವನ್ನು ತಪ್ಪಿಸುವ ಹೆಂಗಸಲ್ಲ ಅವರು. ನಮಗೆ ಹೋಗಲು ಮುಖವಿರಲಿಲ್ಲ. ಕಾರ್ಲಾ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದ್ದರಿಂದ ಹೋದೆವು.

ಅಡುಗೆಮನೆಗೆ ಕಾಲಿಟ್ಟ ಹನುಮಂತರಾಯ ಅಲ್ಲೇ ನಿಂತುಬಿಟ್ಟ. ರೋಸಮ್ಮ ತಾಮ್ರದ ಪಾತ್ರೆಯನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು ಉದ್ದನೆಯ ಕೋಲಿನಲ್ಲಿ ತಿರುವುತ್ತಿದ್ದರು. ಪಾತ್ರೆಯಲ್ಲಿ ಕಂದು ಬಣ್ಣದ ಹಿಟ್ಟು ಗಟ್ಟಿಯಾಗುತ್ತಿತ್ತು, ಗುಳುಕ್ ಎಂದು ಉಸಿರು ಬಿಡುತ್ತಿತ್ತು. "ಮುದ್ದೆ ಕಣಕ್ಕ," ಎಂದ ಅವನು, ಸ್ವಂತ ತಂಗಿಯನ್ನು ಕಂಡವನ ಹಾಗೆ.

ರಾಗಿ ಅಲ್ಲ. ಅಲ್ಲಿಯ ಗುಡ್ಡಗಳಲ್ಲಿ ಚೆಸ್ಟ್‌ನಟ್ ಎಂಬ ಕಾಯಿ ಬಿಡುತ್ತದೆ. ಒಣಗಿಸಿ ಬೀಸಿದ ಹಿಟ್ಟು ಅದರದ್ದು. ರೋಸಮ್ಮ ಅದನ್ನು ಹಲಗೆಯ ಮೇಲೆ ಕವುಚಿ, ಎರಡು ಕೈಯಲ್ಲಿ ದಾರ ಬಿಗಿ ಹಿಡಿದು ಹೋಳು ಮಾಡಿದರು. ಹನುಮಂತರಾಯ ಒಂದು ತುಂಡು ಮುರಿದು, ಉಂಡೆ ಮಾಡಿ, ಅಗಿಯದೆ ನುಂಗಿದ. ಮಡಕಶಿರದವರು ಹಾಗೇ ತಿನ್ನುವುದು. ರೋಸಮ್ಮ ಗಂಟಲಿಗೆ ಸಿಕ್ಕಿತೆಂದು ಓಡಿಬಂದು ಅವನ ಬೆನ್ನಿಗೆ ಗುದ್ದಿದರು. ಅವನ ಕಣ್ಣು ಅರಳಿದ್ದು ಬೇರೆ ಕಾರಣಕ್ಕೆ. "ಸಿಹಿ ಐತೆ," ಎಂದ, ಯಾರೋ ಮೋಸ ಮಾಡಿದರು ಎಂಬ ದನಿಯಲ್ಲಿ. ಆದರೂ ಬಿಡಲಿಲ್ಲ. ಮೂರು ದಿನದಿಂದ ಉಪ್ಪಿಲ್ಲದ ಬ್ರೆಡ್ಡು ತಿಂದಿದ್ದ ಹೊಟ್ಟೆ ಅದು.

ಬ್ರೂನೊ ಅಜ್ಜ ಮೇಜಿನ ತಲೆಯಲ್ಲಿ ಕೂತಿದ್ದರು. ನಮ್ಮ ಕಡೆ ಹೆಚ್ಚು ನೋಡುತ್ತಿರಲಿಲ್ಲ. ನಾನು ಮೆತ್ತನೆಯ ಗಿಣ್ಣಿನಂಥ ಅವರ ರಿಕೊಟ್ಟಾವನ್ನು ಆ ಮುದ್ದೆಯ ಜೊತೆ ತಿನ್ನುತ್ತ, ಗೌಡರಿಗೆ ಫೋನಿನಲ್ಲಿ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ.

ರೋಸಮ್ಮ ಹನುಮಂತರಾಯನ ತಟ್ಟೆಗೆ ಇನ್ನೊಂದು ಹೋಳು ಹಾಕಿದರು. ಮತ್ತೊಂದು ಹಾಕಿದರು. ಆಮೇಲೆ ದೊಡ್ಡದೊಂದನ್ನು ಸೌಟಿನಲ್ಲಿ ಎತ್ತಿ ಹಿಡಿದು, "ಬಾಸ್ತಾ?" ಎಂದು ಕೇಳಿದರು.

ಹನುಮಂತರಾಯ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ. "ಬಸ್ತಾ ಅಂತಾವ್ರಕ್ಕ. ಮೂಟೆ ತುಂಬಿಸ್ತೀಯ ಅಂತ ಕೇಳ್ತಾವ್ರೆ."

ನಮ್ಮ ಕಡೆ ಬಸ್ತಾ ಎಂದರೆ ಕಡಲೆಕಾಯಿ ತುಂಬುವ ಮೂಟೆ. ಅವನಿಗೆ ನಿಜವಾಗಿ ಅವಮಾನವಾಗಿತ್ತು. ಸೌಟು ತಟ್ಟೆಯ ಮೇಲೆ ಬಂತು. ಅವನು ಬಟ್ಟೆ ಸುತ್ತಿದ ಕೈಯನ್ನೂ ಇನ್ನೊಂದು ಕೈಯನ್ನೂ ತಟ್ಟೆಯ ಮೇಲೆ ಅಡ್ಡ ಹಿಡಿದು, ಮದುವೆಯ ಪಂಕ್ತಿಯಲ್ಲಿ ಹೇಳುವ ಹಾಗೆಯೇ, "ಚಾಲಮ್ಮ, ಚಾಲು, ಚಾಲು," ಎಂದ.

ರೋಸಮ್ಮ ಸೌಟು ಹಿಂದಕ್ಕೆ ತೆಗೆದುಕೊಂಡರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಶೆಡ್ಡಿನಲ್ಲಿ ನಡೆದದ್ದೂ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಅವರ ಬಾಸ್ತಾಕ್ಕೂ ಸಾಕು ಎಂದೇ ಅರ್ಥ. ಅವರು ಸಾಕೇ ಎಂದು ಕೇಳಿದ್ದರು, ಇವನು ಸಾಕು ಎಂದಿದ್ದ. ಮುಗಿಯಿತು.

ಅಜ್ಜನ ಫೋರ್ಕು ಗಾಳಿಯಲ್ಲೇ ನಿಂತಿತ್ತು. ಅವರು ಅದನ್ನು ತಟ್ಟೆಯಲ್ಲಿಟ್ಟು, ಹೆಂಡತಿಗೆ ಏನೋ ಹೇಳಿದರು. ರೋಸಮ್ಮ ಗಂಡನಿಗೆ ಹುಚ್ಚು ಹಿಡಿಯಿತೇ ಎಂಬಂತೆ ನೋಡಿ, ಸೌಟನ್ನು ಮತ್ತೆ ಹನುಮಂತರಾಯನ ತಟ್ಟೆಯ ಮೇಲೆ ತಂದರು. ಅವನು ಹೆದರಿ ಮತ್ತೆ ಚಾಲು ಎಂದ. ಸೌಟು ಹೋಯಿತು. ಅಜ್ಜ ಈಗ ನನ್ನ ಕಡೆ ತಿರುಗಿ, ಕಾಫಿಯ ಒಲೆಯನ್ನು ತೋರಿಸಿ, "ಚಾಲು," ಎಂದರು. ನಾನು ಎದ್ದು ಒಲೆ ಹಚ್ಚಿದೆ. ಒಂದೇ ಮೇಜಿನ ಎರಡು ಬದಿಯಲ್ಲಿ ಒಂದೇ ಮಾತಿಗೆ ಒಲೆ ಹತ್ತುತ್ತಿತ್ತು, ಸೌಟು ನಿಲ್ಲುತ್ತಿತ್ತು. ಅಜ್ಜ ಇದನ್ನು ಇನ್ನೆರಡು ಸಲ ಮಾಡಿಸಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ಮೊದಲು ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಕಾರ್ಲಾ ನಕ್ಕಳು, ಏನೆಂದು ತಿಳಿಯದ ರೋಸಮ್ಮನೂ ನಕ್ಕರು. ಹನುಮಂತರಾಯ ಮಾತ್ರ ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

ಇನ್ನೂ ಬೇರೆ ಅರ್ಥವಿದೆಯೇ ಎಂದು ಅಜ್ಜ ಕಣ್ಣೊರೆಸಿಕೊಳ್ಳುತ್ತ ಕೇಳಿಸಿದರು. ಹನುಮಂತರಾಯ ಸ್ವಲ್ಪ ಯೋಚಿಸಿ, ತಟ್ಟೆಯಲ್ಲಿದ್ದ ಕಂದು ಮುದ್ದೆಯ ಮೇಲೆ ಬೆರಳಿನಿಂದ ಉದ್ದಕ್ಕೆ ಒಂದು ಗೆರೆ ಎಳೆದ. ನೇಗಿಲು ಹೋದ ಗೆರೆಗೂ ತೆಲುಗಿನಲ್ಲಿ ಚಾಲು ಎನ್ನುತ್ತಾರೆ ಎಂದ. ನಾವು ಸಾಲು ಎನ್ನುವುದನ್ನೇ. ಅಜ್ಜ ಆ ಗೆರೆಯನ್ನು ಬಾಗಿ ನೋಡಿದರು. ಮೂರೂ ನನ್ನ ಯಂತ್ರಕ್ಕೆ ಬೇಕಾದ ಮಾತೇ, ಮೂರೂ ಒಟ್ಟಿಗೆ ಬೇಡ ಅಷ್ಟೇ, ಎಂದರು. ನಾಳೆ ರೋಲು ಏರಿಸುತ್ತೇನೆ ಎಂದೂ ಹೇಳಿದರು.

ಮತ್ತೆ ರೋಲಿನ ಮುಂದೆ

ಸೋಮವಾರ ಬೆಳಿಗ್ಗೆ ಮೊದಲು ಮಾತಿನ ತೀರ್ಮಾನವಾಯಿತು. ಬಾಸ್ತಾ ಎನ್ನೋಣವೇ ಎಂದು ಕಾರ್ಲಾ ಕೇಳಿದಳು. ಬೇಡ, ಆ ಮಾತು ಕೇಳಿದರೆ ಮೂಟೆಯೇ ಕಣ್ಣಿಗೆ ಬಂದು ನಗು ಬರುತ್ತದೆ ಎಂದ ಹನುಮಂತರಾಯ. ಯಾವ ಮಾತೂ ಬೇಡ ಎಂದು ಅಜ್ಜ ಹೇಳಿದರು. ನಾನು ಇಬ್ಬರಿಗೂ ಕಾಣುವ ಹಾಗೆ ನಡುವೆ ನಿಲ್ಲಬೇಕು. ಹನುಮಂತರಾಯ ಎರಡೂ ಕೈಗಳನ್ನು ಹೊರಗೆ ತೆಗೆದು ನನಗೆ ತೋರಿಸಬೇಕು. ಅದನ್ನು ಕಣ್ಣಾರೆ ಕಂಡ ಮೇಲೆ ನಾನು ಕೈ ಎತ್ತಬೇಕು. ಆಗ ಸ್ವಿಚ್ಚು. ಎತ್ತಿದ ಕೈ ಇಳಿಸಿದರೆ ನಿಲ್ಲಿಸುವುದು. ಶೆಡ್ಡಿನಲ್ಲಿ ಬಾಯಿ ಬಿಟ್ಟವರಿಗೆ ಕಾಫಿ ಇಲ್ಲ.

ಕೈ ಸುಮ್ಮನೆ ಅಲುಗಿದರೂ ಸನ್ನೆ ಎಂದುಕೊಂಡಾರು ಎಂದು ಸ್ವೆಟರಿನ ಜೇಬಿನಲ್ಲಿ ಮುಷ್ಟಿ ಬಿಗಿದು ಇಟ್ಟುಕೊಂಡೆ. ಹನುಮಂತರಾಯ ಅಲಗು ಹತ್ತಿರ ತಂದ, ನೋಡಿದ, ಮತ್ತೆ ನೋಡಿದ. ಎರಡೂ ಕೈ ಎತ್ತಿ ನನಗೆ ತೋರಿಸಿದ. ಬರಿಯ ಕೈ. ಹತ್ತೂ ಬೆರಳನ್ನು ನಾನು ಒಂದೊಂದಾಗಿ ನೋಡಿದೆ. ಅವಸರ ಮಾಡಲಿಲ್ಲ, ಯಾರೂ ಅವಸರಪಡಿಸಲೂ ಇಲ್ಲ. ಆಮೇಲೆ ಕೈ ಎತ್ತಿದೆ.

ರೋಲು ತಿರುಗಿತು. ಅಲಗು ಮೈ ಮುಟ್ಟಿದಾಗ ರೇಷ್ಮೆ ಹರಿದಂಥ ಸದ್ದಾಯಿತು, ಆಮೇಲೆ ಅದೇ ಸದ್ದು ನಿಲ್ಲದೆ ಉಳಿಯಿತು. ಕಪ್ಪು ಎಳೆ ಇಳಿಯತೊಡಗಿತು. ಅದನ್ನು ಕಾರ್ಲಾ ಒಂದು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದಳು. ಗೀರುಗಳು ಒಂದರ ಪಕ್ಕ ಒಂದು ಬಂದು ಕೂತವು. ಜೀನ್ಸಿನ ಬಟ್ಟೆಯನ್ನು ಹತ್ತಿರ ಹಿಡಿದರೆ ಅದರಲ್ಲಿ ಗೆರೆಗಳಿರುತ್ತವೆ, ಓರೆಯಾಗಿ, ಒಂದಕ್ಕೊಂದು ಮುಟ್ಟದೆ. ಎಷ್ಟೋ ವರ್ಷ ನಾನು ನೋಡಿದ್ದು ಅವನ್ನೇ. ಇವು ಅವಕ್ಕಿಂತ ನೇರವಾಗಿದ್ದವು.

ರೋಲಿನ ಅರ್ಧ ದಾಟಿದ ಮೇಲೆ ಬುಟ್ಟಿಗೆ ಬೀಳಬೇಕಾದ ಎಳೆ ಒಮ್ಮೆ ಹಾರಿ ರೋಲಿಗೇ ಸುತ್ತಿಕೊಂಡಿತು. ಇನ್ನೊಂದು ಸುತ್ತಿಗೆ ಅದು ಅಲಗಿನ ಕೆಳಗೆ ಹೋಗುತ್ತದೆ, ಗೀರು ಕೆಡುತ್ತದೆ. ನಿಲ್ಲಿಸಿದರೂ ಕೆಡುತ್ತದೆ. ನನ್ನ ಬಾಯಿಗೆ ಚಾಲು ಎಂಬ ಮಾತೇ ಬಂತು, ಯಾವ ಚಾಲು ಎಂದು ನನಗೇ ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಹಿಡಿದೆ. ಹನುಮಂತರಾಯ ಕೈ ಹಾಕಲಿಲ್ಲ. ಗೋಡೆಗೆ ಒರಗಿಸಿದ್ದ ಕೊಕ್ಕೆಯ ಕೋಲನ್ನು ತೆಗೆದು, ಕಾರೆಗಿಡದಿಂದ ಕುರಿಯ ಉಣ್ಣೆ ಬಿಡಿಸುವ ಹಾಗೆ, ಎಳೆಯನ್ನು ಮೆಲ್ಲಗೆ ಎತ್ತಿ ಇತ್ತ ಕಡೆಗೆ ಬಿಟ್ಟ. ಕೋಲನ್ನು ವಾಪಸು ಒರಗಿಸಿದ. ಸದ್ದು ಬದಲಾಗಲಿಲ್ಲ.

ಅಲಗು ಕೊನೆಯ ಅಂಚು ದಾಟಿ ಗಾಳಿಗೆ ಬಂತು. ಎಳೆ ತಾನೇ ತುಂಡಾಗಿ ಬಿತ್ತು. ನಾನು ಕೈ ಇಳಿಸಿದೆ, ಅಜ್ಜ ನಿಲ್ಲಿಸಿದರು.

ಮೊದಲು ನಾನು ನೋಡಿದೆ. ಆಳ ಅಳೆಯುವ ಗೇಜು ಹಿಡಿದು ತುದಿಯಿಂದ ತುದಿಗೆ ಹೋದೆ, ಆಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸುತ್ತ ವಾಪಸು ಬಂದೆ. ಎಲ್ಲೂ ಗಂಟಿಲ್ಲ. ಅಜ್ಜ ಗೇಜು ಮುಟ್ಟಲಿಲ್ಲ. ತೋಟಕ್ಕೆ ನೀರು ಹಾಕುವ ಡಬ್ಬಿ ತಂದು ರೋಲಿನ ನೆತ್ತಿಯ ಮೇಲೆ ಸುರಿದರು. ನೀರು ಹರಡಲಿಲ್ಲ. ಗೀರುಗಳೊಳಗೆ ಇಳಿದು, ಸಪೂರವಾದ ದಾರಗಳಾಗಿ ಮೈಯನ್ನು ಬಳಸಿ ಕೆಳಗೆ ತೊಟ್ಟಿಕ್ಕಿತು. ಎಲ್ಲ ತೊಟ್ಟೂ ಒಂದೇ ನೇರದಲ್ಲಿ. ಅವರು ಅದನ್ನು ನೋಡುತ್ತ ನಿಂತರು. ಆಮೇಲೆ ಪೆಟ್ಟಿಗೆಯಿಂದ ದೊಡ್ಡ ಸ್ಪ್ಯಾನರ್ ತೆಗೆದು, ಯಂತ್ರವನ್ನು ನೆಲಕ್ಕೆ ಹಿಡಿದಿದ್ದ ಬೋಲ್ಟುಗಳಲ್ಲಿ ಮೊದಲನೆಯದಕ್ಕೆ ಕೂರಿಸಿ, ಒಂದು ಸುತ್ತು ಸಡಿಲಿಸಿದರು. ಸ್ಪ್ಯಾನರನ್ನು ಅಲ್ಲೇ ಬಿಟ್ಟು ಹನುಮಂತರಾಯನಿಗೆ ದಾರಿ ಕೊಟ್ಟರು.

ಅವನು ನನ್ನ ಮುಖ ನೋಡಿದ. ಇದರ ಅರ್ಥವೇನು ಎಂದು ಕಾರ್ಲಾಳನ್ನು ಕೇಳಬೇಕಾಗಿರಲಿಲ್ಲ.

ಹೊಳೆ ದಂಡೆಯ ಬೆಂಚು

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸದ ಹೊತ್ತಿಗೆ ಫೋನು ಹತ್ತಿರ ಇಟ್ಟುಕೊಳ್ಳಲು ಬಿಡುವುದಿಲ್ಲ. ಲಕ್ಷ್ಮೀದೇವಿಯ ಶಿಫ್ಟು ಬಿಡುವವರೆಗೆ ನಾವು ಹೊಳೆಯ ದಂಡೆಯ ಬೆಂಚಿನ ಮೇಲೆ ಕಾದೆವು. ಬೆಂಗಳೂರಿನಲ್ಲಿ ಸಂಜೆಯಾದರೆ ಇಟಲಿಯಲ್ಲಿ ಇನ್ನೂ ಮಧ್ಯಾಹ್ನ. ಆ ಊರಿನ ಮುದುಕರು ಊಟ ಮುಗಿಸಿ ಹೊರಗೆ ಬಂದು ಕೂತಿದ್ದರು. ಬೋಲ್ಟು ಬಿಚ್ಚಿದ ಎಣ್ಣೆ ಹನುಮಂತರಾಯನ ಮೊಣಕೈವರೆಗೂ ಇತ್ತು. ತೊಳೆದುಕೊ ಎಂದರೂ ತೊಳೆದಿರಲಿಲ್ಲ.

ಫೋನು ಅವಳೇ ಮಾಡಿದಳು. ಹಿಂದಿನಿಂದ ಹೆಂಗಸರ ಗುಂಪಿನ ಮಾತು, ವ್ಯಾನಿನ ಹಾರ್ನು ಕೇಳಿಸುತ್ತಿತ್ತು. ಏನಾಯ್ತು ಎಂದು ಕೇಳಿದಳು. ಹನುಮಂತರಾಯ ಎಣ್ಣೆಗೈಯಲ್ಲೇ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ.

"ಯಾಕಕ್ಕ, ಮಾತಾಡ್ತಾ ಇಲ್ಲ? ಆಗ್ಲಿಲ್ವಾ?" ಎಂದಳು ಅವಳು.

"ಆತವ್ವ," ಎಂದೆ. "ಮಿಷನ್ ಬಿಚ್ಚಾಕ ಹತ್ಯಾರ. ನಿನ್ನ ಗಂಡನೇ ಬಿಚ್ಚಾಕತ್ಯಾನ."

ಆ ಕಡೆ ಮತ್ತೆ ಹಾರ್ನು ಆಯಿತು. ವ್ಯಾನು ಹೊರಡುತ್ತೆ ಬಾರೇ ಎಂದು ಯಾರೋ ಅವಳನ್ನು ಕರೆದರು. ನೀವು ಹೋಗ್ರೇ, ಇವತ್ತು ನಾನು ನಡ್ಕೊಂಡು ಬರ್ತೀನಿ ಎಂದು ಅವರಿಗೆ ಹೇಳಿದಳು. ಆಮೇಲೆ ನನಗೆ, ಆಗಲೇ ಮನಸ್ಸಿನಲ್ಲಿ ಎಲ್ಲ ಜೋಡಿಸಿಟ್ಟುಕೊಂಡವಳ ಹಾಗೆ, ಹೇಳಿದಳು:

"ರಾಯದುರ್ಗದಲ್ಲಿ ಒಂದು ಮನೆ ನೋಡ್ರಕ್ಕ. ಕೆಳಗಿನ ಮನೆನೇ ಆಗ್ಬೇಕು. ನನ್ನ ಹೊಲಿಗೆ ಮಿಷನ್ನು ಮೆಟ್ಲು ಹತ್ತಿಸಾಕಾಗಲ್ಲ. ಸ್ಕೂಲು ಹತ್ರ ಇದ್ರೆ ಒಳ್ಳೇದು, ಆ ಮಗು ನಡೆಯಾಕೆ ಸೋಮಾರಿ."